ಜರ್ಕಿನ್ ಬೆನ್ನ ಮೇಲಿನ ಚೀಟಿ

ಕಳೆದ ಧನುರ್ಮಾಸದ ಒಂದು ಬೆಳಿಗ್ಗೆ ನಮ್ಮಪ್ಪನ ಅಂಗಡಿಗೆ ಕಾಲೇಜು ಹುಡುಗನೊಬ್ಬ ಬಂದ. ಅಂಗಡಿ ಅಂದರೆ ದೊಡ್ಡದೇನಲ್ಲ. ತುಮಕೂರು ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಬಸ್ ಸ್ಟ್ಯಾಂಡ್ ಎದುರಿಗಿರುವ ಹೊಂಗೆ ಮರದ ಕೆಳಗೆ ಒಂದು ಗೋಣಿಚೀಲ, ಒಂದು ಮರದ ಪೆಟ್ಟಿಗೆ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಕೆ. ಅಪ್ಪ ಅಲ್ಲಿ ಚಪ್ಪಲಿ, ಬ್ಯಾಗು, ಬೆಲ್ಟು ಹೊಲಿಯುತ್ತಾನೆ. ನಲವತ್ತು ವರ್ಷದ ಮೇಲಾಯಿತು.

ಹುಡುಗ ತಂದಿದ್ದು ಒಂದು ಜರ್ಕಿನ್. ಜಿಪ್ ಕಿತ್ತುಹೋಗಿತ್ತು. ಸಂತೆಯಲ್ಲಿ ಕೊಂಡ ರೆಕ್ಸಿನ್ ಮಾಲು. ಎದೆ ಮೇಲೆ ರೆಕ್ಕೆಯಿರುವ ಹುಲಿಯ ಚಿತ್ರ, ತೋಳಿನ ಮೇಲೆ ನಕ್ಷತ್ರ. ಬೆನ್ನ ಮೇಲೆ ಒಂದು ಬಾವುಟ, ಅದರ ಕೆಳಗೆ ಚೀನೀ ಅಕ್ಷರಗಳು. ಅಪ್ಪ ಜಿಪ್ ಬಿಚ್ಚುತ್ತಾ ನನ್ನ ಕಡೆ ನೋಡಿ, "ಪೇಪರ್‌ನವನಲ್ವಾ ನೀನು, ಇದೇನ್ ಬರ್ದವ್ರೆ ಹೇಳು" ಅಂದ. ಹುಡುಗನೂ ನಕ್ಕ. ಅವನಿಗೂ ಗೊತ್ತಿರಲಿಲ್ಲ.

ಮೊಬೈಲ್‌ನಲ್ಲಿ ಫೋಟೋ ತೆಗೆದು ಅನುವಾದದ ಆ್ಯಪ್‌ಗೆ ಹಾಕಿದೆ. ಬಂದ ಉತ್ತರ ಹೆಚ್ಚೂಕಡಿಮೆ ಹೀಗಿತ್ತು: ಈತ ಪರದೇಶಿ, ಯುದ್ಧದಲ್ಲಿ ಚೀನಾಕ್ಕೆ ನೆರವಾಗಲು ಬಂದವನು. ಸೈನಿಕರೂ ಜನರೂ ಸೇರಿ ಈತನನ್ನು ಕಾಪಾಡಬೇಕು.

ಹುಡುಗ ಜರ್ಕಿನ್ ಹಾಕಿಕೊಂಡು ಬಸ್ ಹತ್ತಿ ಹೋದ. ನನ್ನ ತಲೆಯಿಂದ ಮಾತ್ರ ಆ ಸಾಲು ಹೋಗಲಿಲ್ಲ. ಯಾರನ್ನು ಕಾಪಾಡಬೇಕು? ಅದು ಸಂತೆಯ ಜರ್ಕಿನ್ ಮೇಲೆ ಹೇಗೆ ಬಂತು? ಅವತ್ತು ರಾತ್ರಿ ಶುರುವಾದ ಹುಡುಕಾಟದ ಕಥೆ ಇದು.

ಮೊದಲು ಆ ಚೀಟಿಯ ವಿಷಯ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜಪಾನ್ ವಿರುದ್ಧ ಚೀನಾದ ಪರವಾಗಿ ಅಮೆರಿಕದ ವಿಮಾನ ಯೋಧರು ಹೋರಾಡಿದರು. ವಿಮಾನ ಬಿದ್ದು, ಪ್ಯಾರಾಚೂಟ್‌ನಲ್ಲಿ ಯಾವುದೋ ಹಳ್ಳಿಯ ಗದ್ದೆಗೆ ಇಳಿದರೆ ಅಲ್ಲಿನ ರೈತನಿಗೆ ಇವರು ಯಾರೆಂದು ಗೊತ್ತಾಗಬೇಕಲ್ಲ? ಭಾಷೆ ಬರುವುದಿಲ್ಲ, ಮುಖ ಬೇರೆ. ಅದಕ್ಕೆ ಜಾಕೆಟ್ ಬೆನ್ನಿಗೆ, ಆಮೇಲೆ ಗುಟ್ಟಾಗಿರಲಿ ಎಂದು ಒಳಭಾಗಕ್ಕೆ, ಒಂದು ಬಟ್ಟೆಯ ತುಂಡು ಹೊಲಿಸಿಕೊಳ್ಳುತ್ತಿದ್ದರು. ಅದರಲ್ಲಿ ಚೀನಾದ ಬಾವುಟ, ಈ ಎರಡು ಸಾಲು, ಒಂದು ನಂಬರ್. ಇಂಗ್ಲಿಷಿನಲ್ಲಿ ಅದಕ್ಕೆ 'ಬ್ಲಡ್ ಚಿಟ್' ಅನ್ನುತ್ತಾರೆ. ರಕ್ತದ ಚೀಟಿ.

'ಚಿಟ್' ಅನ್ನುವ ಇಂಗ್ಲಿಷ್ ಪದ ಹುಟ್ಟಿದ್ದೇ ನಮ್ಮ ಕಡೆಯ ಚಿಟ್ಠಿಯಿಂದ. ನಾವು ಚೀಟಿ ಅನ್ನುತ್ತೇವಲ್ಲ, ಅದೇ ಬಳಗದ ಮಾತು. ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದ ಕಾಲದಲ್ಲೇ, ಭಾರತ ಮತ್ತು ಈಗಿನ ಇರಾಕ್ ಕಡೆ ಹಾರುತ್ತಿದ್ದ ಬ್ರಿಟಿಷ್ ಪೈಲಟ್‌ಗಳು ಉರ್ದು, ಅರಬ್ಬಿ, ಪರ್ಷಿಯನ್, ಪಶ್ತೊ ಭಾಷೆಗಳಲ್ಲಿ ಬರೆದ ಇಂಥದ್ದೇ ಚೀಟಿ ಇಟ್ಟುಕೊಳ್ಳುತ್ತಿದ್ದರು. ಇವನಿಗೆ ತೊಂದರೆ ಮಾಡದೆ ತಂದೊಪ್ಪಿಸಿದರೆ ಬಹುಮಾನ ಕೊಡುತ್ತೇವೆ ಅನ್ನುವುದು ಅದರ ಸಾರಾಂಶ.

ಈ ಮಾತನ್ನು ಉಳಿಸಿಕೊಂಡ ಉದಾಹರಣೆಯೂ ಇದೆ. 1950ರಲ್ಲಿ ಕೊರಿಯಾ ಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನವೊಂದು ಬಿತ್ತು. ಅದರಲ್ಲಿದ್ದವರಿಗೆ ಯು ಹೋ ಚುನ್ ಅನ್ನುವ ಕೊರಿಯನ್ ಸಹಾಯ ಮಾಡಿದ. ಅದಕ್ಕಾಗಿ ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ. 1993ರಲ್ಲಿ, 43 ವರ್ಷ ಆದಮೇಲೆ, ಅಮೆರಿಕ ಸರ್ಕಾರ ಅವನ ಮಗನಿಗೆ ಒಂದು ಲಕ್ಷ ಡಾಲರ್ ಕೊಟ್ಟಿತು. ಒಂದು ಚೀಟಿಯ ಋಣ ಅಷ್ಟು ವರ್ಷ ಬದುಕಿತ್ತು.

ಇನ್ನು ಜಾಕೆಟ್. ನಾವು ಜರ್ಕಿನ್ ಅನ್ನುವ ಈ ಉಡುಪಿನ ಮುತ್ತಜ್ಜನ ಹೆಸರು 'ಎ-2'. ಅಮೆರಿಕದ ಸೇನೆಯ ವಿಮಾನ ವಿಭಾಗ 1931ರಲ್ಲಿ ಇದನ್ನು ಒಪ್ಪಿಕೊಂಡಿತು. ಹೆಚ್ಚಿನವನ್ನು ಕುದುರೆಯ ಚರ್ಮದಿಂದ ಮಾಡುತ್ತಿದ್ದರು, ಕೆಲವನ್ನು ಮೇಕೆ ಚರ್ಮದಿಂದ. ಮುಂದೆ ಜಿಪ್, ಎರಡು ಜೇಬು, ಸೊಂಟಕ್ಕೂ ಮಣಿಕಟ್ಟಿಗೂ ಉಣ್ಣೆಯ ಹೆಣಿಗೆ ಪಟ್ಟಿ, ಗಾಳಿಗೆ ಹಾರದ ಹಾಗೆ ಗುಂಡಿ ಒತ್ತಿದರೆ ಕೂರುವ ಕಾಲರ್. 1943ರಲ್ಲಿ ಸೇನೆ ಹೊಸ ಚರ್ಮದ ಜಾಕೆಟ್ ಮಾಡಿಸುವುದನ್ನು ನಿಲ್ಲಿಸಿ ಬಟ್ಟೆಯದಕ್ಕೆ ಹೋಯಿತು. ಅಂದರೆ ಹನ್ನೆರಡು ವರ್ಷದಲ್ಲಿ ಹೊಲಿದಷ್ಟೇ ಲೆಕ್ಕ. ಅದರಲ್ಲಿ ಉಳಿದಿರುವುದು ಎಷ್ಟೋ ಅಷ್ಟೇ.

ಅವನ್ನು ಹುಡುಕಿ ಕೂಡಿಡುವವರು ಅಮೆರಿಕ, ಇಂಗ್ಲೆಂಡ್, ಜಪಾನ್‌ಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನ ಹತ್ತಿರ ಒಂದೂ ಇಲ್ಲ. ಇರುವುದೂ ಸಾಧ್ಯವಿಲ್ಲ. ಹೆಸರಿರುವ ಅಸಲಿ ಜಾಕೆಟ್‌ನ ಬೆಲೆ ನಮ್ಮ ರೂಪಾಯಿಯಲ್ಲಿ ಲಕ್ಷ ದಾಟುತ್ತದೆ. ನಾನು ಸುದ್ದಿಗಿಷ್ಟು ಅಂತ ಎಣಿಸಿ ದುಡಿಯುವ ಸ್ಟ್ರಿಂಗರ್. ನಾನು ಕೂಡಿಟ್ಟಿರುವುದು ಫೋಟೋಗಳು ಮತ್ತು ಅವುಗಳ ಹಿಂದಿನ ಕಥೆಗಳು. ಮೊಬೈಲ್‌ನಲ್ಲಿ ಅದಕ್ಕೇ ಒಂದು ಫೋಲ್ಡರ್ ಇದೆ.

ನನ್ನನ್ನು ಹಿಡಿದಿದ್ದು ಚರ್ಮವಲ್ಲ, ಅವರು ಹುಡುಕುವ ರೀತಿ. ಒಳ್ಳೆಯ ಸಂಗ್ರಾಹಕನಿಗೆ ಜಾಕೆಟ್ ಸಿಕ್ಕಿದರೆ ಸಾಲದು. ಅದನ್ನು ಯಾರು ತೊಟ್ಟಿದ್ದರು ಅನ್ನುವುದು ಸಿಗಬೇಕು. ಅದು ಥೇಟ್ ವರದಿಗಾರನ ಕೆಲಸ.

ಎಡ ಎದೆಯ ಮೇಲೆ ಚರ್ಮದ ಸಣ್ಣ ಪಟ್ಟಿಯಲ್ಲಿ ಹೆಸರು ಒತ್ತಿರುತ್ತಿತ್ತು. ಅದು ಇದ್ದರೆ ಅರ್ಧ ಕೆಲಸ ಮುಗಿಯಿತು. ಬಹಳ ಸಲ ಇರುವುದಿಲ್ಲ. ಆಗ ಹೊಲಿಗೆಯ ತೂತು ನೋಡುತ್ತಾರೆ. ಪಟ್ಟಿ ಕಿತ್ತರೂ ತೂತು ಉಳಿಯುತ್ತದೆ. ಯಾವ ಆಕಾರದ ಬಿಲ್ಲೆ ಇತ್ತು, ಎಲ್ಲಿತ್ತು ಅನ್ನುವುದನ್ನು ತೂತಿನ ಸಾಲೇ ಹೇಳುತ್ತದೆ. ಬಿಲ್ಲೆ ಮುಚ್ಚಿದ್ದ ಜಾಗದ ಚರ್ಮಕ್ಕೆ ಬಿಸಿಲು ತಾಗಿರುವುದಿಲ್ಲವಾದ್ದರಿಂದ ಬಣ್ಣವೂ ಬೇರೆ. ಗೋಡೆಯಿಂದ ಹಳೇ ಫೋಟೋ ತೆಗೆದರೆ ಕಾಣುವ ಗುರುತಿನ ಹಾಗೆ.

ಒಳಗಿನ ಬಟ್ಟೆಯ ಮೇಲೆ ಕೆಲವೊಮ್ಮೆ ಒಂದು ಅಕ್ಷರ, ನಾಲ್ಕು ಅಂಕಿ ಇರುತ್ತದೆ. ಅದು ದೋಬಿ ಗುರುತು. ಅಮೆರಿಕದ ಸೈನಿಕರು ತಮ್ಮ ಮನೆತನದ ಹೆಸರಿನ ಮೊದಲ ಅಕ್ಷರ ಮತ್ತು ಸೇನಾ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಬಟ್ಟೆ ಮೇಲೆ ಬರೆಯುತ್ತಿದ್ದರು, ಒಗೆಯಲು ಹೋದಾಗ ಅದಲು ಬದಲಾಗದಿರಲಿ ಎಂದು. ಎಂಬತ್ತು ವರ್ಷದ ಮೇಲೆ ಆ ಐದು ಗುರುತು ಹಿಡಿದು ಮನುಷ್ಯನನ್ನು ಹುಡುಕುತ್ತಾರೆ. ಅಮೆರಿಕದ ರಾಷ್ಟ್ರೀಯ ದಾಖಲೆ ಇಲಾಖೆ ಸೇನೆಗೆ ಸೇರಿದ ಸುಮಾರು 90 ಲಕ್ಷ ಜನರ ಪಟ್ಟಿಯನ್ನು ಎಲ್ಲರೂ ನೋಡುವಂತೆ ಇಟ್ಟಿದೆ. ಕಾಣೆಯಾದ ವಿಮಾನಗಳ ಬಗ್ಗೆ ಬರೆದ ವರದಿಗಳೂ ಇವೆ. ವಿಮಾನದ ನಂಬರ್, ಹೊರಟ ಜಾಗ, ಒಳಗಿದ್ದವರ ಹೆಸರು ಎಲ್ಲ ಅದರಲ್ಲಿರುತ್ತದೆ.

ಎಲ್ಲವೂ ಸಿಗುತ್ತದೆ ಅಂತಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆ ಕಟ್ಟಡಕ್ಕೆ ಬೆಂಕಿ ಬಿದ್ದು ಒಂದೂವರೆ ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಸುಟ್ಟುಹೋದವು. ಸುಟ್ಟವರ ಪಾಲಿಗೆ ಉಳಿದ ದಾರಿಯೆಂದರೆ ಊರೂರಿನ ಹಳೇ ಪತ್ರಿಕೆಗಳು.

ಇಲ್ಲಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಯಾಕೆಂದರೆ ಅಲ್ಲಿ ಸಂಶೋಧಕರಿಗೆ ನೆರವಾಗುವುದು ದೊಡ್ಡ ಪತ್ರಿಕೆಗಳ ಮುಖಪುಟವಲ್ಲ. ಸಣ್ಣ ಊರಿನ ವಾರಪತ್ರಿಕೆಯ ಒಳಪುಟದ ಎರಡು ಸಾಲು. ಇಂಥವರ ಮಗ ರಜೆ ಮೇಲೆ ಊರಿಗೆ ಬಂದಿದ್ದಾನೆ. ಇಂಥವರಿಗೆ ತಂತಿ ಬಂದಿದೆ. ಭಾರತದಿಂದ ಕಾಗದ ಬರೆದಿದ್ದಾನೆ. ಯಾರು ಬರೆದರು ಆ ಎರಡು ಸಾಲನ್ನು? ಹೆಸರಿಲ್ಲ. ನನ್ನಂಥವನೇ ಯಾರೋ ಇರಬೇಕು. ನನ್ನ ಸುದ್ದಿಗೂ ಹೆಸರು ಬರುವುದಿಲ್ಲ. ಹೆಚ್ಚೆಂದರೆ ಊರಿನ ಹೆಸರು ಬರುತ್ತದೆ. ಎಷ್ಟೋ ಸಲ ಬೇಜಾರಾಗಿದ್ದೇನೆ. ಕೆರೆ ಕೋಡಿ ಬಿದ್ದಿದ್ದು, ಶಾಲೆಗೆ ಪೆನ್ಸಿಲ್ ಹಂಚಿದ್ದು, ಯೋಧ ನಿವೃತ್ತನಾಗಿ ಬಂದಾಗ ಮೆರವಣಿಗೆ ಮಾಡಿದ್ದು, ಇದನ್ನೆಲ್ಲ ಯಾರು ಓದುತ್ತಾರೆ ಅಂದುಕೊಂಡಿದ್ದೇನೆ. ಅವತ್ತಿನಿಂದ ಹೆಸರು, ತಂದೆಯ ಹೆಸರು, ಊರು ಈ ಮೂರನ್ನೂ ತಪ್ಪಿಲ್ಲದೆ ಬರೆಯುವುದನ್ನು ರೂಢಿ ಮಾಡಿಕೊಂಡೆ. ಎಂಬತ್ತು ವರ್ಷ ಬಿಟ್ಟು ಯಾರಿಗೆ ಬೇಕಾಗುತ್ತದೋ.

ಹುಡುಕುವವರು ಇದ್ದರೆ ಹೆಸರು ತಡವಾಗಿಯಾದರೂ ಬರುತ್ತದೆ ಅನ್ನುವುದಕ್ಕೆ ನಮ್ಮ ಕೊಡಗಿನಲ್ಲೇ ಸಾಕ್ಷಿ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ಅವರಿಗೆ ಏನಾಯಿತು ಅನ್ನುವುದು ನಮ್ಮವರಿಗೆ ತಿಳಿಯಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಲೇಖಕ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಪುಸ್ತಕ ಬರೆದಾಗ ನಿಜ ಗೊತ್ತಾಯಿತು. ದೇವಯ್ಯ ತಮ್ಮ ಮಿಸ್ಟೇರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಎದುರಿಸಿ ಉರುಳಿಸಿದ್ದರು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. 23 ವರ್ಷ ತಡ. ಮಡಿಕೇರಿಗೆ ಹೋದವರು ವೃತ್ತದಲ್ಲಿ ಅವರ ಪ್ರತಿಮೆ ನೋಡಿರುತ್ತೀರಿ. ಆ ಪ್ರತಿಮೆಯ ಹಿಂದೆ ಯಾರೋ ಒಬ್ಬ ಕಾಗದ ಪತ್ರ ತಿರುವಿ ಹಾಕಿದ ಶ್ರಮವೂ ಇದೆ.

ಇರಲಿ, ಮತ್ತೆ ಹುಲಿ ಬಿಲ್ಲೆಯ ಜಾಕೆಟ್‌ಗೆ ಬರೋಣ. ರೆಕ್ಕೆಯ ಹುಲಿ ಅಮೆರಿಕದ 14ನೇ ವಾಯುಪಡೆಯ ಗುರುತು. 1943ರ ಮಾರ್ಚ್‌ನಲ್ಲಿ ಶುರುವಾದ ಈ ಪಡೆ ಚೀನಾದಲ್ಲಿತ್ತು. ಅದಕ್ಕೆ ಪೆಟ್ರೋಲು, ಗುಂಡು, ಬಿಡಿಭಾಗ ಎಲ್ಲ ಹೋಗುತ್ತಿದ್ದುದು ಭಾರತದಿಂದ. 1942ರಲ್ಲಿ ಜಪಾನೀಯರು ಬರ್ಮಾ ರಸ್ತೆ ಕಡಿದ ಮೇಲೆ ಉಳಿದಿದ್ದು ಆಕಾಶ ಮಾರ್ಗ ಒಂದೇ. ಅಸ್ಸಾಂನಿಂದ ಹೊರಟು ಹಿಮಾಲಯದ ಪೂರ್ವ ತುದಿಯ ಬೆಟ್ಟಗಳನ್ನು ದಾಟಿ ಚೀನಾದ ಕುನ್ಮಿಂಗ್‌ಗೆ. ಪೈಲಟ್‌ಗಳು ಆ ದಾರಿಯನ್ನು 'ಹಂಪ್' ಅನ್ನುತ್ತಿದ್ದರು. ಅಂದರೆ ಗೂನು, ಒಂಟೆಯ ಡುಬ್ಬ. ಒಂದು ಸಲ ದಾಟಿದರೆ ವಿಮಾನದ ಮೇಲೆ ಒಂದು ಒಂಟೆ ಚಿತ್ರ ಬರೆಯುವವರೂ ಇದ್ದರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಆರೂವರೆ ಲಕ್ಷ ಟನ್ ಸಾಮಾನು ಆ ದಾರಿಯಲ್ಲಿ ಹೋಗಿತ್ತು. ಸುಮಾರು 600 ವಿಮಾನಗಳು ಬಿದ್ದವು ಇಲ್ಲವೇ ಕಾಣೆಯಾದವು. ಅರುಣಾಚಲದ ಕಾಡುಗಳಲ್ಲಿ ಅವುಗಳ ತುಂಡು ಇವತ್ತಿಗೂ ಸಿಗುತ್ತವೆ.

ಅದೇ ಯುದ್ಧಕ್ಕೆ ನಮ್ಮ ಬೆಂಗಳೂರೂ ಕೆಲಸ ಮಾಡಿತ್ತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ಕಟ್ಟಿದರು. ಇವತ್ತಿನ ಎಚ್‌ಎಎಲ್. 1943ರಲ್ಲಿ ಅದರ ಆಡಳಿತವನ್ನು ಅಮೆರಿಕದ ಸೇನೆ ವಹಿಸಿಕೊಂಡಿತು. ಪೆಟ್ಟು ತಿಂದ ವಿಮಾನಗಳನ್ನು ಇಲ್ಲಿ ಬಿಚ್ಚಿ, ಕಟ್ಟಿ, ಮತ್ತೆ ಯುದ್ಧಕ್ಕೆ ಕಳಿಸುತ್ತಿದ್ದರು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗ ನೊರೆ ಬಂತು ಅಂತ ಟೀವಿಯಲ್ಲಿ ತೋರಿಸುತ್ತಾರಲ್ಲ, ಅದೇ ಕೆರೆ.

ಹೀಗೆ ಓದುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಭಾರತದಲ್ಲಿದ್ದ ಅಮೆರಿಕನ್ ಯೋಧರು ತಮ್ಮ ಜಾಕೆಟ್‌ನ ಬಿಲ್ಲೆಗಳನ್ನು ಇಲ್ಲಿಯ ಪೇಟೆಗಳಲ್ಲೇ ಮಾಡಿಸಿಕೊಂಡರು. ಇಲ್ಲಿಯ ಚರ್ಮದ ಕೆಲಸಗಾರರು ಬಣ್ಣ ಹಾಕಿದ ಚರ್ಮವನ್ನು ತುಂಡು ತುಂಡಾಗಿ ಕತ್ತರಿಸಿ, ಜೋಡಿಸಿ, ಹೊಲಿದು ಹುಲಿ ಮಾಡಿಕೊಟ್ಟರು, ನಕ್ಷತ್ರ ಮಾಡಿಕೊಟ್ಟರು. ಚೀನಾ, ಬರ್ಮಾ, ಭಾರತ ರಂಗದ ಗುರುತಿನಲ್ಲಿ ಒಂದು ಕಡೆ ಚೀನಾದ ಸೂರ್ಯ, ಇನ್ನೊಂದು ಕಡೆ ಭಾರತದ ನಕ್ಷತ್ರ, ಕೆಳಗೆ ಕೆಂಪು ಬಿಳಿ ಪಟ್ಟಿ. ಕಾರ್ಖಾನೆಯಲ್ಲಿ ಮಾಡಿದ ಬಿಲ್ಲೆಗಿಂತ ಈ ಕೈಯ ಬಿಲ್ಲೆಗೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ವಿವರಣೆಯಲ್ಲಿ ಒಂದೇ ಮಾತು: ಭಾರತದಲ್ಲಿ ತಯಾರಾದದ್ದು.

ತೊಟ್ಟವನ ಹೆಸರು, ಊರು, ವಿಮಾನ, ಹೆಂಡತಿ, ಮಕ್ಕಳು ಎಲ್ಲ ಹುಡುಕುತ್ತಾರೆ. ಹೊಲಿದವನಿಗೆ ಎರಡು ಪದ. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅದು ಅವರ ಮೇಲಿನ ಸಿಟ್ಟಲ್ಲ. ಯಾಕೆ ಅಂತ ಹೇಳಬೇಕು.

ಪತ್ರಿಕೋದ್ಯಮ ಡಿಪ್ಲೊಮಾಗೆ ಸೇರುವಾಗ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಗೆರೆ ಇತ್ತು. ನಾನು 'ವ್ಯಾಪಾರ' ಅಂತ ಬರೆದೆ. ಚಪ್ಪಲಿ ಹೊಲಿಯುತ್ತಾನೆ ಅಂತ ಬರೆಯಲಿಲ್ಲ. ಬರೆದರೆ ಮುಂದಿನ ಪ್ರಶ್ನೆ ಏನು, ಯಾರ ಕಣ್ಣು ಹೇಗೆ ಬದಲಾಗುತ್ತದೆ ಅನ್ನುವುದು ಹತ್ತನೇ ಕ್ಲಾಸಿನ ಹೊತ್ತಿಗೇ ನನಗೆ ಗೊತ್ತಿತ್ತು. ಹಾಸ್ಟೆಲ್‌ನಲ್ಲಿ ಎರಡು ವರ್ಷ ಅಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಅಂತಲೇ ಹೇಳಿದೆ. ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಒಂದು ಸಲ ಅಪ್ಪ ನನ್ನನ್ನು ನೋಡಲು ಬಂದಾಗ ಗೇಟಿನ ಹೊರಗೇ ಮಾತಾಡಿಸಿ ಕಳಿಸಿದೆ. ಅವನ ಬೆರಳಿನ ಕಪ್ಪು ಬಣ್ಣ ಯಾರಿಗೂ ಕಾಣದಿರಲಿ ಅಂತ. ಅವನು ಏನೂ ಕೇಳಲಿಲ್ಲ. ಕಡಲೆಕಾಯಿ ಪೊಟ್ಟಣ ಕೊಟ್ಟು ಹೋದ.

ಅಮೆರಿಕದಲ್ಲಿ ಯಾರೋ ಹೊಲಿದವನ ಹೆಸರು ಬರೆಯಲಿಲ್ಲ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಮೊದಲು ಅಳಿಸಿದವನು ನಾನೇ.

ಆದರೂ ಸುಮ್ಮನಿರಲಿಲ್ಲ. ಹುಲಿ ಬಿಲ್ಲೆಯಿರುವ ಜಾಕೆಟ್‌ನ ಫೋಟೋ ಹಾಕಿದ್ದ ಅಮೆರಿಕದ ಒಬ್ಬರಿಗೆ ನನಗೆ ಬರುವ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ನಿವೃತ್ತ ಶಿಕ್ಷಕರು ಅವರು. ದೋಬಿ ಗುರುತು ಹಿಡಿದು, ಹಳೇ ವಾರಪತ್ರಿಕೆ ತಿರುವಿ, ಜಾಕೆಟ್ ತೊಟ್ಟವನು ಹಂಪ್ ದಾಟಿದ ವಿಮಾನದ ರೇಡಿಯೋ ಆಪರೇಟರ್ ಅಂತ ಕಂಡುಹಿಡಿದಿದ್ದರು. ಅವನ ಮಗಳನ್ನೂ ಹುಡುಕಿ, ಅಪ್ಪನ ಜಾಕೆಟ್‌ನ ಫೋಟೋ ಕಳಿಸಿದ್ದರು. ನಾನು ಕೇಳಿದ್ದು ಇಷ್ಟೇ: ಬಿಲ್ಲೆಯ ಒಂದು ಮೂಲೆ ಬಿಟ್ಟಿದೆಯಲ್ಲ, ಅದರ ಹಿಂಬದಿ ಫೋಟೋ ತೆಗೆದು ಕಳಿಸುತ್ತೀರಾ? ನಮ್ಮಪ್ಪ ಚರ್ಮದ ಕೆಲಸಗಾರ, ಅವನಿಗೆ ತೋರಿಸಬೇಕು.

ಆ ಕೊನೆಯ ವಾಕ್ಯ ಟೈಪ್ ಮಾಡಿ ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಅದನ್ನು ನಾನು ಬರೆದದ್ದು ಅದೇ ಮೊದಲು.

ನಾಲ್ಕು ದಿನಕ್ಕೆ ಆರು ಫೋಟೋ ಬಂದವು. ಹೊಂಗೆ ಮರದ ಕೆಳಗೆ ಅಪ್ಪನ ಪಕ್ಕ ಕೂತು ಮೊಬೈಲ್ ಕೊಟ್ಟೆ. ದಾರ ಕಟ್ಟಿದ ಕನ್ನಡಕ ಸರಿ ಮಾಡಿಕೊಂಡ. ಈಗ ಅವನಿಗೆ ಒಂದು ಕಣ್ಣು ಮಂಜು. "ದೊಡ್ಡದ್ ಮಾಡು" ಅಂದ. ಮಾಡಿದೆ. ಬಹಳ ಹೊತ್ತು ಮಾತಾಡಲಿಲ್ಲ.

"ಜರ್ಕಿನ್‌ದು ಯಾವ್ ಚರ್ಮ?"

"ಕುದುರೆದಂತೆ."

"ಕುದುರೇದಾ!" ಅಂತ ನಕ್ಕ. "ಅದ್ಕೇ ಅಷ್ಟು ಬಿಗಿ. ಬಿಲ್ಲೇದು ಕುದುರೆ ಅಲ್ಲ. ಆಡು ಇರ್ಬೇಕು, ಕಾಳು ನೋಡು. ನಮ್ ಕಡೆ ತಂಗಡಿ ಚಕ್ಕೇಲಿ ಹದ ಹಾಕೋರು, ಹಿಂಗೇ ಇರೋದು."

ಆಮೇಲೆ ಬೆರಳಿಟ್ಟು ತೋರಿಸಿದ. "ಸುತ್ತ ಮಿಷನ್ ಹೊಲ್ಗೆ. ಒಳಗಡೆ ತುಂಡು ಜೋಡ್ಸಿರೋದು ಕೈಲಿ. ಇದಕ್ಕೆ ಇಬ್ರು ಕೂತವ್ರೆ."

"ಹೆಂಗೆ ಗೊತ್ತಾಗುತ್ತೆ?"

"ಮೈ ನೋಡು, ಆರೆ ಹಾಕಿರೋ ತೂತೆಲ್ಲ ಒಂದೇ ಅಂತರ. ಪಳಗಿದ ಕೈ. ಬಾಲದ ಹತ್ರ ಬಾ. ಒಂದ್ ಹತ್ರ, ಒಂದ್ ದೂರ. ದಾರ ಎಳ್ದಿರೋದೂ ಸಡ್ಲ. ಬಲ ಸಾಲಿಲ್ಲ. ಹುಡ್ಗಂದು ಕಣಪ್ಪ ಅದು. ಕಲೀತಾ ಇರೋನು."

ಮೊಬೈಲ್ ವಾಪಸ್ ಕೊಟ್ಟು ಚಪ್ಪಲಿ ಕೈಗೆತ್ತಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಹೇಳಿದ. "ನಮ್ಮಪ್ಪನೂ ಹಂಗೇ ಮಾಡ್ತಿದ್ದ. ಮುಖ, ಮೈ ಎಲ್ಲ ತಾನ್ ಹೊಲಿಯೋನು. ಮೂಲೆ, ತುದಿ ನಂಗ್ ಬಿಡೋನು. ತಪ್ಪಾದ್ರೂ ಯಾರೂ ಅಷ್ಟಾಗಿ ನೋಡಲ್ಲ, ಕೈ ಕೂರ್ಲಿ ಅಂತ. ಏಳೋ ಎಂಟೋ ವರ್ಷ ಇರ್ಬೇಕು ನಂಗೆ."

ಇದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿಯಲ್ಲ. ಆದರೆ ಒಂದು ಕಸುಬನ್ನು ಜೀವಮಾನವಿಡೀ ಮಾಡಿದವನು, ಅದೇ ಕಸುಬಿನ ಇನ್ನೊಬ್ಬನ ಕೈಯನ್ನು ಓದಿದ್ದು. ನಾನು ಅದನ್ನು ಹಾಗೆಯೇ ಇಂಗ್ಲಿಷಿಗೆ ಹಾಕಿ ಕಳಿಸಿದೆ.

ಆ ಶಿಕ್ಷಕರು ಪ್ರತಿ ಜಾಕೆಟ್‌ಗೂ ಒಂದು ಹಾಳೆ ಇಟ್ಟಿದ್ದಾರೆ. ತೊಟ್ಟವನ ವಿವರ, ಪಡೆ, ಲೇಬಲ್, ಜಿಪ್, ಬಿಲ್ಲೆ ಹೀಗೆ. ಅವರು ಆ ಹಾಳೆಯ ಫೋಟೋ ತೆಗೆದು ಕಳಿಸಿದರು. ಬಿಲ್ಲೆ ಅನ್ನುವ ಕಡೆ ಮೊದಲು 'ಭಾರತದಲ್ಲಿ ತಯಾರಾದದ್ದು' ಅಂತಷ್ಟೇ ಇತ್ತು. ಅದರ ಮುಂದೆ ಪೆನ್ನಿನಲ್ಲಿ ಸೇರಿಸಿದ್ದರು: ಆಡಿನ ಚರ್ಮ ಇರಬಹುದು. ಹೊಲಿದವರು ಬಹುಶಃ ಇಬ್ಬರು. ಒಬ್ಬ ನುರಿತವನು, ಒಬ್ಬ ಕಲಿಯುತ್ತಿದ್ದ ಹುಡುಗ. ಕರ್ನಾಟಕದ ಒಬ್ಬ ಚರ್ಮದ ಕೆಲಸಗಾರ ನೋಡಿ ಹೇಳಿದ್ದು.

ಹೆಸರು ಸಿಗಲಿಲ್ಲ. ಆದರೆ ಖಾಲಿ ಇದ್ದ ಜಾಗದಲ್ಲಿ ಇಬ್ಬರು ಮನುಷ್ಯರು ಬಂದು ಕೂತರು. ಯಾವುದೋ ಪೇಟೆಯ ಓಣಿಯಲ್ಲಿ ಒಬ್ಬ ಅಪ್ಪ, ಅವನ ಎದುರು ಒಬ್ಬ ಮಗ, ನಡುವೆ ಒಂದು ಹುಲಿ. ಹುಡುಗನ ಪಾಲಿಗೆ ಬಾಲ.

ಓದುವ ನಿಮಗೆ ಒಂದು ಮಾತು. ಕುದುರೆ ಚರ್ಮದ ಜಾಕೆಟ್ ನಮ್ಮ ಮನೆಗಳಲ್ಲಿ ಇರಲಿಕ್ಕಿಲ್ಲ. ಆದರೆ ಟ್ರಂಕ್‌ನಲ್ಲಿ ಸೇನೆಯ ಕಂಬಳಿ, ಬೆಲ್ಟಿನ ಬಕಲ್, ಪದಕ, ಡಿಸ್ಚಾರ್ಜ್ ಪುಸ್ತಕ ಇರುವ ಮನೆ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಪದಕ ಇದ್ದರೆ ಅದರ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಬಹಳಷ್ಟು ಪದಕಗಳ ಅಂಚಿನಲ್ಲಿ ನಂಬರ್, ಹೆಸರು, ಪಡೆ ಕೆತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಕೆತ್ತನೆ ಸವೆಯುತ್ತದೆ. ಡಿಸ್ಚಾರ್ಜ್ ಪುಸ್ತಕದ ಎಲ್ಲ ಪುಟವನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಎರಡು ಮಹಾಯುದ್ಧಗಳಲ್ಲಿ ಸತ್ತ ಭಾರತೀಯ ಸೈನಿಕರ ಹೆಸರನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಎಷ್ಟೋ ಹೆಸರಿನ ಮುಂದೆ ತಂದೆಯ ಹೆಸರೂ ಊರೂ ಇರುತ್ತದೆ. ಇಂಗ್ಲಿಷರು ಬರೆದದ್ದಾದ್ದರಿಂದ ಊರಿನ ಹೆಸರು ವಿಚಿತ್ರವಾಗಿರುತ್ತದೆ. ಬಾಯಲ್ಲಿ ಗಟ್ಟಿಯಾಗಿ ಓದಿ ನೋಡಿ, ಗುರುತು ಸಿಗುತ್ತದೆ. ಬಟ್ಟೆ, ಚೀಲ, ಬೆಲ್ಟು ಏನಾದರೂ ಇದ್ದರೆ ಒಳಭಾಗವನ್ನೂ ನೋಡಿ. ತೊಟ್ಟವನ ಗುರುತು ಹೊರಗಿರುತ್ತದೆ, ಹೊಲಿದವನ ಗುರುತು ಒಳಗಿರುತ್ತದೆ.

ಎಲ್ಲಕ್ಕಿಂತ ಮೊದಲು, ಮನೆಯ ಹಿರಿಯರನ್ನು ಇವತ್ತು ರಾತ್ರಿ ಊಟ ಆದಮೇಲೆ ಕೇಳಿ. ಸೇಂಟ್ ಲೂಯಿಸ್‌ನಲ್ಲಿ ಬೆಂಕಿ ಬಿದ್ದಿದ್ದು ಒಂದೇ ಸಲ. ನಮ್ಮ ಊರುಗಳಲ್ಲಿ ಒಬ್ಬೊಬ್ಬ ಮುದುಕ ಸತ್ತಾಗಲೂ ಒಂದು ಕಟ್ಟು ಕಡತ ಉರಿದುಹೋಗುತ್ತದೆ.

ಈ ಲೇಖನವನ್ನು ಅಪ್ಪನಿಗೆ ಓದಿ ಹೇಳಿದೆ. ಅರ್ಜಿಯ ಗೆರೆಯ ವಿಷಯವನ್ನೂ, ಹಾಸ್ಟೆಲ್ ಗೇಟಿನ ವಿಷಯವನ್ನೂ ಬಿಡದೆ ಓದಿದೆ. ರಂಪಿಗೆಯಲ್ಲಿ ಚರ್ಮ ಸವರುತ್ತಲೇ ಕೇಳಿಸಿಕೊಂಡ. "ನಂಗೊತ್ತಿತ್ತು ಬಿಡು" ಅಂದ. ಅಷ್ಟೇ.

ನಿನ್ನ ಹೆಸರು ಹಾಕುತ್ತೇನೆ ಅಂದೆ. ಬೇಡ ಅಂದ. ಇಷ್ಟೆಲ್ಲ ಹೆಸರಿನ ಬಗ್ಗೆ ಬರೆದು ನಿನ್ನದೇ ಹಾಕದಿದ್ದರೆ ಹೇಗೆ ಅಂತ ವಾದ ಮಾಡಿದೆ. ಅವನು ಒಪ್ಪಲಿಲ್ಲ.

"ಹೆಸ್ರು ತಗೊಂಡು ಏನ್ ಮಾಡ್ತಾರೆ? ಬಸ್ ಸ್ಟ್ಯಾಂಡ್ ಎದ್ರು, ಹೊಂಗೆ ಮರದ ಕೆಳ್ಗೆ ಅಂತ ಬರಿ. ಜರ್ಕಿನ್ ಜಿಪ್ಪೂ ಹಾಕ್ತೀವಿ ಅಂತ ಬರಿ."

ಬರೆದಿದ್ದೇನೆ.